ಪಿಯುಸಿ ಆಯ್ತು, ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಬೇಕು: ಯಾವ ಡಿಗ್ರಿಗೆ ಸೇರಲಿ?

ಟೇಕಲ್ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಮಾಲೂರು ತಾಲ್ಲೂಕು, ಟೇಕಲ್ ಹತ್ತಿರದ ಒಂದು ಹಳ್ಳಿಯವಳು. ಈ ವರ್ಷ ಸೆಕೆಂಡ್ ಪಿಯುಸಿ ಪಾಸಾದೆ, ಆರ್ಟ್ಸ್. ಇತಿಹಾಸದಲ್ಲಿ ಒಳ್ಳೆ ಮಾರ್ಕ್ಸ್ ಬಂದಿದೆ, ಇಂಗ್ಲಿಷ್ ಸುಮಾರು. ನನಗೆ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಬೇಕು ಅಂತ ಆಸೆ. ಇದು ಇವತ್ತು ನಿನ್ನೆ ಹುಟ್ಟಿದ್ದಲ್ಲ, ಎಂಟನೇ ಕ್ಲಾಸಿನಿಂದ ಇದೆ.

ಆಗ ನಮ್ಮ ಹೈಸ್ಕೂಲಿನಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು ಇದ್ದರು. ಒಂದು ದಿನ ನಮ್ಮನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ ಎದುರಿಗಿದ್ದ ಬಂಡೆ ತೋರಿಸಿ, ಅದನ್ನು ಬರೆದು ಬಣ್ಣ ಹಚ್ಚಿ ಅಂದರು. ನಮ್ಮ ಕಡೆ ಬಂಡೆಗೇನು ಬರ, ಎಲ್ಲಿ ನೋಡಿದರೂ ಬಂಡೆ. ಎಲ್ಲರೂ ಬೂದಿ ಬಣ್ಣ ಹಚ್ಚಿದೆವು. ಅವರು ಏನೂ ಅನ್ನಲಿಲ್ಲ. ಸಂಜೆ ಬೆಲ್ ಹೊಡೆದ ಮೇಲೆ ನಮ್ಮನ್ನು ಮತ್ತೆ ಅಲ್ಲಿಗೇ ಕರೆದುಕೊಂಡು ಹೋದರು. ಬಿಸಿಲು ಬಿದ್ದ ಕಡೆ ಬಂಡೆ ಕಿತ್ತಳೆ, ನೆರಳಿನ ಕಡೆ ನೇರಳೆ. ಹದಿಮೂರು ವರ್ಷ ಅದೇ ಬಂಡೆ ನೋಡಿಕೊಂಡು ಬೆಳೆದಿದ್ದೆ, ಒಂದು ದಿನವೂ ಕಂಡಿರಲಿಲ್ಲ. ಅವತ್ತು ಮನೆಗೆ ಹೋಗಿ ಅಮ್ಮನಿಗೂ ಹೇಳಿದೆ.

ಒಂಬತ್ತರಲ್ಲಿ ಡ್ರಾಯಿಂಗ್ ಲೋಯರ್, ಹತ್ತರಲ್ಲಿ ಡ್ರಾಯಿಂಗ್ ಹೈಯರ್ ಪರೀಕ್ಷೆ ಕಟ್ಟಿಸಿದವರೂ ಅವರೇ. ಎರಡೂ ಪಾಸಾಗಿದೆ. ಅವರು ರಿಟೈರ್ ಆದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ನನ್ನ ತಮ್ಮ ಈಗ ಅದೇ ಶಾಲೆಯಲ್ಲಿ ಎಂಟನೇ ಕ್ಲಾಸು. ಡ್ರಾಯಿಂಗ್ ಪೀರಿಯಡ್‌ನಲ್ಲಿ ಲೆಕ್ಕ ಮಾಡಿಸುತ್ತಾರಂತೆ.

ಮನೆಯಲ್ಲಿ ಎರಡು ಎಕರೆ ಇದೆ. ಟೊಮೊಟೊ ಇಡುತ್ತೇವೆ. ಎರಡು ಸೀಮೆಹಸು ಇವೆ, ಡೇರಿಗೆ ಹಾಲು ಹಾಕುತ್ತೇವೆ. ಅಪ್ಪ ಬೇಡ ಅನ್ನುವುದಿಲ್ಲ. ಆದರೆ ಮೊನ್ನೆ ಬಾಕ್ಸಿಗೆ ಕಾಯಿ ತುಂಬುತ್ತಾ, 'ಚಿತ್ರ ಬರೆದ್ರೆ ಕೆಲಸ ಸಿಗುತ್ತೇನಮ್ಮಾ?' ಅಂತ ಕೇಳಿದರು. ಉತ್ತರ ಹೇಳಲು ನನಗೆ ಆಗಲಿಲ್ಲ. ಮಾವ ಬಿಎ ಮಾಡಿ ಬಿ.ಎಡ್. ಮಾಡು ಅನ್ನುತ್ತಾರೆ. ಕೋಲಾರದಲ್ಲಿ ಒಬ್ಬರು, ಫೀಸು ಕಟ್ಟಿದರೆ ಒಂದೇ ವರ್ಷದಲ್ಲಿ ಸರ್ಟಿಫಿಕೇಟ್ ಕೊಡಿಸುತ್ತೇವೆ, ಎಲ್ಲಿ ಬೇಕಾದರೂ ಡ್ರಾಯಿಂಗ್ ಟೀಚರ್ ಆಗಬಹುದು ಅಂದರು.

ಯಾವುದಕ್ಕೆ ಸೇರಲಿ? ದಯವಿಟ್ಟು ಗೊತ್ತಿದ್ದವರು ಹೇಳಿ.

ಮಾರಿಕುಪ್ಪಂ ಪ್ಯಾಸೆಂಜರ್:

ತಂಗಿ, ನಾನು ಬಂಗಾರಪೇಟೆಯವಳು. ಬೆಂಗಳೂರಿನಲ್ಲಿ ಬಿವಿಎ, ಅಂದರೆ ದೃಶ್ಯಕಲೆಯ ಡಿಗ್ರಿ, ಮೂರನೇ ವರ್ಷ ಓದುತ್ತಿದ್ದೇನೆ. ದಿನಾ ನಿಮ್ಮ ಟೇಕಲ್ ಸ್ಟೇಷನ್ ದಾಟಿಕೊಂಡೇ ಹೋಗುತ್ತೇನೆ.

ಬಿವಿಎ ನಾಲ್ಕು ವರ್ಷದ ಕೋರ್ಸ್. ಪಿಯುಸಿಯಲ್ಲಿ ಆರ್ಟ್ಸ್ ಓದಿದ್ದು ಇದಕ್ಕೆ ಅಡ್ಡಿ ಆಗುವುದಿಲ್ಲ, ನನ್ನ ಕ್ಲಾಸಿನಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಮೂರೂ ಕಡೆಯವರು ಇದ್ದಾರೆ. ಮೊದಲ ವರ್ಷ ಫೌಂಡೇಶನ್. ಆಗ ಪೇಂಟಿಂಗ್, ಮಣ್ಣು, ಪ್ರಿಂಟ್ ಎಲ್ಲದಕ್ಕೂ ಕೈ ಹಾಕಿಸುತ್ತಾರೆ. ಆಮೇಲೆ ಒಂದನ್ನು ಆರಿಸಿಕೊಳ್ಳಬೇಕು. ಸೇರುವ ಮೊದಲು ಚಿತ್ರ ಬರೆಸಿ ನೋಡುತ್ತಾರೆ. ನಾನು ಎದುರಿಗಿಟ್ಟ ವಸ್ತು ನೋಡಿ ಬರೆಯುವುದು, ಸಂತೆಯಂಥ ದೃಶ್ಯ ನೆನೆಸಿಕೊಂಡು ಬರೆಯುವುದು, ಇವೆರಡನ್ನೂ ಎರಡು ತಿಂಗಳು ಬಿಡದೆ ಮಾಡಿದ್ದೆ. ನೀನು ಹೈಯರ್ ಮುಗಿಸಿದ್ದೀಯ ಅಂದರೆ ಕೈ ಕುದುರಿರುತ್ತದೆ, ಹೆದರಬೇಡ. ಹಳೆಯ ಚಿತ್ರ ಯಾವುದನ್ನೂ ಎಸೆಯಬೇಡ, ತಾರೀಖು ಹಾಕಿ ಒಂದು ಫೈಲಿನಲ್ಲಿ ಇಡು.

ಖರ್ಚಿನ ಮಾತು. ಸರ್ಕಾರಿ ಕಾಲೇಜಿಗೂ ಖಾಸಗಿಗೂ ಫೀಸಿನಲ್ಲಿ ಬಹಳ ವ್ಯತ್ಯಾಸ ಇರುತ್ತದೆ, ಕಾಲೇಜಿಗೇ ಹೋಗಿ ಕೇಳಬೇಕು. ಫೀಸು ವರ್ಷಕ್ಕೊಂದು ಸಲ ಕಟ್ಟಿದರೆ ಮುಗಿಯುತ್ತದೆ. ಬಣ್ಣ, ಶೀಟು, ಕ್ಯಾನ್ವಾಸಿನದು ತಿಂಗಳು ತಿಂಗಳೂ ಬರುತ್ತದೆ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ತಪ್ಪದೆ ಅರ್ಜಿ ಹಾಕು. ಅದಕ್ಕೆ ಜಾತಿ, ಆದಾಯ ಸರ್ಟಿಫಿಕೇಟ್ ಈಗಲೇ ಮಾಡಿಸಿಟ್ಟುಕೋ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಮಾಲೂರಿನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ರೈಲಿಗೆ ಸೀಸನ್ ಪಾಸ್ ಮಾಡಿಸಿದರೆ ಅದೂ ಭಾರ ಅನ್ನಿಸುವುದಿಲ್ಲ.

ಕಷ್ಟ ಇರುವುದು ಡ್ರಾಯಿಂಗ್ ಬೋರ್ಡ್ ಹೊತ್ತುಕೊಂಡು ಬೆಳಗಿನ ರಶ್ಶಿನಲ್ಲಿ ಹತ್ತುವುದರಲ್ಲಿ. ಒಂದು ಸಲ ಆಯಿಲ್ ಪೇಂಟ್ ಒಣಗದ ಕ್ಯಾನ್ವಾಸ್ ತಂದಿದ್ದೆ. ಹೂ ಮಾರಲು ಹೋಗುತ್ತಿದ್ದ ಅಮ್ಮನೊಬ್ಬರ ಸೆರಗಿಗೆ ಹಸಿರು ಬಣ್ಣ ಹತ್ತಿತು. ಅವರು ಬೈಯಲಿಲ್ಲ. 'ಏನಮ್ಮಾ ಬರ್ದಿದೀಯಾ, ತೋರ್ಸು' ಅಂದರು. ನನಗೆ ಅಳು ಬಂತು. ಅವತ್ತಿನಿಂದ ಒಣಗುವವರೆಗೆ ಕಾಲೇಜಿನಲ್ಲೇ ಬಿಟ್ಟು ಬರುತ್ತೇನೆ.

ಕೋಲಾರದ ಸಮಾಜ ಮೇಷ್ಟ್ರು:

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮಗು, ನಿನ್ನ ಮಾವ ಹೇಳುವುದರಲ್ಲಿ ಅರ್ಥ ಇದೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರು ಕಾಣಸಿಗುವುದೇ ಅಪರೂಪ. ಹೈಸ್ಕೂಲಿನಲ್ಲಿ ಇದೆ, ಆದರೆ ಎಲ್ಲ ಶಾಲೆಯಲ್ಲೂ ಇಲ್ಲ. ನೇಮಕಾತಿ ಬೇರೆ ವಿಷಯಗಳಿಗೆ ಬಂದಷ್ಟು ಸಲ ಬರುವುದಿಲ್ಲ. ಬಿಎ ಮೂರು ವರ್ಷ, ಬಿ.ಎಡ್. ಎರಡು ವರ್ಷ. ನಿನಗೆ ಇತಿಹಾಸ ಚೆನ್ನಾಗಿ ಬರುತ್ತದೆ. ಇತಿಹಾಸ ಮೇಡಂ ಆಗಿ ಪಾಠದ ಜೊತೆ ಚಿತ್ರವನ್ನೂ ಬರೆಸಬಹುದು. ಹಳ್ಳಿ ಮನೆಯ ಹೆಣ್ಣುಮಗಳು, ತಿಂಗಳ ಸಂಬಳ ಒಂದು ಗಟ್ಟಿಯಾದರೆ ಉಳಿದದ್ದು ತಾನಾಗಿ ಆಗುತ್ತದೆ. ನಿನ್ನನ್ನು ಹಿಂದಕ್ಕೆ ಎಳೆಯಲು ಹೇಳುತ್ತಿಲ್ಲ. ನನ್ನ ಮಗಳಿಗೂ ಇದನ್ನೇ ಹೇಳುತ್ತಿದ್ದೆ.

ಶ್ರೀನಿವಾಸಪುರದ ಡ್ರಾಯಿಂಗ್ ಟೀಚರ್:

ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆದರೆ ಮಗಳೇ, ನಿನ್ನ ಪ್ರಶ್ನೆ ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ನಾನು ಈ ಕೆಲಸದಲ್ಲಿ 24 ವರ್ಷ ಕಳೆದಿದ್ದೇನೆ. ಮೊದಲು ಖಾಸಗಿ ಶಾಲೆ, ಆಮೇಲೆ ನವೋದಯ. ಸ್ವಲ್ಪ ಉದ್ದ ಆಗುತ್ತದೆ, ಓದು.

ಮೊದಲು ಆ ಒಂದು ವರ್ಷದ ಸರ್ಟಿಫಿಕೇಟ್ ವಿಷಯ ಕೈಬಿಡು. ಕೊಡುವವರು ಯಾರು, ಯಾವ ಯೂನಿವರ್ಸಿಟಿ ಅಥವಾ ಬೋರ್ಡು ಅದನ್ನು ಒಪ್ಪುತ್ತದೆ ಅಂತ ಕೇಳಿದರೆ ಬಾಯಲ್ಲಿ ಹೇಳುತ್ತಾರೆ, ಬರೆದು ಕೊಡುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳು ಇಂಥದ್ದೇ ಕಾಗದ ಹಿಡಿದು ಎರಡು ಕಡೆ ಹೋಗಿ ವಾಪಸ್ ಬಂದಳು. ಅವಳ ಕೈ ನನ್ನ ಕೈಗಿಂತ ಚೆನ್ನಾಗಿತ್ತು.

ಈಗ ಡಿಗ್ರಿ. ಬಿವಿಎ ಮಾಡು. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ, ಕಾವಾ ಅಂತ ಕರೆಯುತ್ತೇವೆ. ಸರ್ಕಾರಿ ಕಾಲೇಜು, ನಾನು ಓದಿದ್ದು ಅಲ್ಲೇ. ಬೆಂಗಳೂರಿನಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಕಾಲೇಜು ಇದೆ, ಆರ್.ಎಂ. ಹಡಪದ ಅವರು ಕಟ್ಟಿದ ಕೆನ್ ಕಲಾಶಾಲೆ ಇದೆ. ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ್ದೇ ದೃಶ್ಯಕಲಾ ಕಾಲೇಜು ಇದೆ. ನಿನ್ನ ಊರಿಗೆ ಬೆಂಗಳೂರು ಹತ್ತಿರ. ಹಾಸ್ಟೆಲ್ ಸಿಗುವುದಾದರೆ ಮೈಸೂರನ್ನೂ ಬಿಡಬೇಡ. ದಿನಾ ರೈಲಿನಲ್ಲಿ ಹೋಗಿ ಬರುವ ಹೊತ್ತು ಚಿತ್ರಕ್ಕೆ ಸಿಕ್ಕರೆ ಅದರ ಬೆಲೆ ಬೇರೆ.

ಯಾರೂ ಮೊದಲೇ ಹೇಳದ ಒಂದು ಮಾತಿದೆ, ನನಗೂ ಯಾರೂ ಹೇಳಿರಲಿಲ್ಲ. ಎರಡನೇ ವರ್ಷದಲ್ಲಿ ಸ್ಪೆಷಲೈಜೇಶನ್ ಆರಿಸಿಕೊಳ್ಳುವ ಮೊದಲು, ಶಿಕ್ಷಕರ ನೇಮಕಾತಿಯ ಹಳೆಯ ನೋಟಿಫಿಕೇಶನ್‌ಗಳನ್ನು ತೆಗೆದು ಅರ್ಹತೆಯ ಸಾಲನ್ನು ಅಕ್ಷರ ಅಕ್ಷರ ಓದು. ಕೇಂದ್ರೀಯ ವಿದ್ಯಾಲಯದ ನಿಯಮದಲ್ಲಿ ಬಹಳ ವರ್ಷ ಇದ್ದ ಸಾಲು ಹೀಗಿತ್ತು: ಡ್ರಾಯಿಂಗ್ ಆಂಡ್ ಪೇಂಟಿಂಗ್, ಶಿಲ್ಪ ಅಥವಾ ಗ್ರಾಫಿಕ್ ಆರ್ಟ್‌ನಲ್ಲಿ ಐದು ವರ್ಷದ ಮಾನ್ಯತೆ ಇರುವ ಡಿಪ್ಲೊಮಾ, ಇಲ್ಲವೇ ಅದಕ್ಕೆ ಸಮನಾದ ಡಿಗ್ರಿ. ಜೊತೆಗೆ ಹಿಂದಿ, ಇಂಗ್ಲಿಷ್ ಬಳಸಲು ಬರಬೇಕು. ಈ ಸಾಲಿನಲ್ಲಿ ಅಪ್ಲೈಡ್ ಆರ್ಟ್ ಅನ್ನುವ ಮಾತೇ ಇಲ್ಲ, ಗಮನಿಸಿದೆಯಾ? ನನ್ನ ಬ್ಯಾಚಿನ ಒಬ್ಬ ಜಾಹೀರಾತು ಕಡೆ ಕೆಲಸ ಬೇಗ ಸಿಗುತ್ತದೆ ಅಂತ ಅಪ್ಲೈಡ್ ಆರ್ಟ್ ತೆಗೆದುಕೊಂಡ. ಆಮೇಲೆ ಅವನಿಗೆ ಮೇಷ್ಟ್ರಾಗಬೇಕು ಅನ್ನಿಸಿತು. ದಾಖಲೆ ನೋಡುವ ಟೇಬಲ್ಲಿನ ಎದುರು, ನನ್ನದು ಇದಕ್ಕೆ ಸಮ ಅಂತ ಬಾಯಲ್ಲಿ ಹೇಳಿಕೊಂಡು ನಿಲ್ಲಬೇಕಾಯಿತು. ಮಾರ್ಕ್ಸ್ ಕಾರ್ಡಿನಲ್ಲಿ ಏನು ಬರೆದಿದೆ ಅನ್ನುವುದೇ ಅಲ್ಲಿ ಮುಖ್ಯ. ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ, ಆದ್ದರಿಂದ ಪ್ರತಿ ವರ್ಷ ಹೊಸದನ್ನೂ ನೋಡುತ್ತಿರು. ಶಾಲೆಗೆ ಹೋಗಬೇಕು ಅಂತ ಈಗಲೇ ಗೊತ್ತಿದ್ದರೆ ಪೇಂಟಿಂಗ್ ತೆಗೆದುಕೋ. ಶಿಲ್ಪಕ್ಕೆ ಕೈ ಒಲಿದರೆ ಅದೂ ಸರಿ.

ಅಪ್ಪನಿಗೆ ಉತ್ತರ ಬೇಕು ಅಂದೆಯಲ್ಲ. ನವೋದಯ, ಕೇಂದ್ರೀಯ ವಿದ್ಯಾಲಯಗಳಲ್ಲಿ ಕಲಾ ಶಿಕ್ಷಕರ ಸಂಬಳ ಕೇಂದ್ರ ಸರ್ಕಾರದ ವೇತನ ಪಟ್ಟಿಯ ಏಳನೇ ಲೆವೆಲ್ಲು. ಮೂಲ ವೇತನವೇ 44,900 ರೂಪಾಯಿಯಿಂದ ಶುರು, ಭತ್ಯೆ ಬೇರೆ. ನವೋದಯ ಜಿಲ್ಲೆಗೊಂದು ಇರುವ ವಸತಿ ಶಾಲೆ. ಪಾಠದ ಜೊತೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ ಇರುತ್ತದೆ, ಬೇರೆ ರಾಜ್ಯಕ್ಕೆ ವರ್ಗವೂ ಆಗಬಹುದು. ಸೀಟು ಕಡಿಮೆ, ಪೈಪೋಟಿ ದೇಶದ್ದು. ಇನ್ನು ಖಾಸಗಿ ಶಾಲೆ. ಸಿಬಿಎಸ್‌ಇ 2019ರಲ್ಲಿ ಒಂದರಿಂದ ಹನ್ನೆರಡರವರೆಗೆ ವಾರಕ್ಕೆ ಕನಿಷ್ಠ ಎರಡು ಪೀರಿಯಡ್ ಕಲೆಗೆ ಇಡಬೇಕು ಅಂತ ಹೇಳಿತು. 2024ರಲ್ಲಿ ಎನ್‌ಸಿಇಆರ್‌ಟಿ ಆರನೇ ತರಗತಿಗೆ ಕಲೆಗಾಗಿಯೇ ಒಂದು ಪಠ್ಯಪುಸ್ತಕ ತಂದಿದೆ. ಚಿತ್ರ, ಸಂಗೀತ, ನೃತ್ಯ, ನಾಟಕ ನಾಲ್ಕೂ ಅದರಲ್ಲಿವೆ. ಹೊಸಕೋಟೆ, ಮಾಲೂರು, ಕೋಲಾರದ ಕಡೆ ಇಂಥ ಶಾಲೆಗಳಿಗೆ ಕೊರತೆ ಇಲ್ಲ. ಆದರೆ ಸಂಬಳ ಶಾಲೆಯಿಂದ ಶಾಲೆಗೆ ಬೇರೆ. ನನ್ನ ಮೊದಲ ಶಾಲೆಯಲ್ಲಿ ತಿಂಗಳಿಗೆ 1,800 ಕೊಡುತ್ತಿದ್ದರು, ಅದೂ ವರ್ಷಕ್ಕೆ ಹತ್ತೇ ತಿಂಗಳು. ವಾರ್ಷಿಕೋತ್ಸವದ ಪರದೆ ಬರೆಯಲು ಮೂರು ರಾತ್ರಿ ಕೂರಿಸಿದ್ದರು. ಸೇರುವಾಗಲೇ ಹನ್ನೆರಡು ತಿಂಗಳ ಸಂಬಳ ಅಂತ ಕಾಗದದಲ್ಲಿ ಬರೆಸಿಕೋ.

ಆ ಶಾಲೆಯಲ್ಲೇ ನನ್ನ ಮೊದಲ ಪಾಠ ನಡೆದದ್ದು. ಜೂನ್ ತಿಂಗಳು, ಆರನೇ ಕ್ಲಾಸು, ನಲವತ್ತೈದು ಮಕ್ಕಳು. ಡಿಗ್ರಿ ಮುಗಿಸಿದ್ದೆ, ಆಯಿಲ್‌ನಲ್ಲಿ ಆಳೆತ್ತರದ ಚಿತ್ರ ಬರೆದಿದ್ದೆ. ಆದರೆ ಅಷ್ಟೂ ವರ್ಷದಲ್ಲಿ ಒಂದು ದಿನವೂ ಮಕ್ಕಳ ಮುಂದೆ ನಿಂತಿರಲಿಲ್ಲ. ಏನು ಮಾಡುವುದು ತಿಳಿಯದೆ ಬೋರ್ಡಿನ ಮೇಲೆ ಒಂದು ಮಾವಿನಹಣ್ಣು ಬರೆದು, ಎರಡು ಎಲೆ ಹಾಕಿ, ಬರ್ಕೊಳ್ಳಿ ಅಂದೆ. ನಲವತ್ತೈದೂ ಪುಸ್ತಕದಲ್ಲಿ ಒಂದೇ ಹಣ್ಣು ಮೂಡಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಪೆನ್ಸಿಲ್ ಮುಟ್ಟಿರಲಿಲ್ಲ. ಯಾಕೋ ಅಂದೆ. 'ಮಿಸ್, ಇದು ಯಾವ ಹಣ್ಣು? ಬಾದಾಮಿನೂ ಅಲ್ಲ, ತೋತಾಪುರಿನೂ ಅಲ್ಲ' ಅಂದ. ಅವರದು ಮಾವಿನ ತೋಟದ ಮನೆ. ನನ್ನದೂ ಶ್ರೀನಿವಾಸಪುರವೇ. ಮಾವಿನ ಮಂಡಿಯ ಪಕ್ಕ ಬೆಳೆದವಳು ಎಲ್ಲೂ ಇಲ್ಲದ ಹಣ್ಣು ಬರೆದಿದ್ದೆ.

ಮುಂದಿನ ವಾರ ಎಲ್ಲರಿಗೂ ಮನೆಯಿಂದ ಒಂದೊಂದು ಕಾಯೋ ಹಣ್ಣೋ ತರಲು ಹೇಳಿದೆ. ಮೂತಿ ಉದ್ದದ ತೋತಾಪುರಿ, ದುಂಡಗಿನ ರಸಪುರಿ, ಬೇನಿಷಾ, ನೀಲಂ, ಹೆಸರಿಲ್ಲದ ನಾಟಿ ಕಾಯಿ, ಎಲ್ಲ ಬಂತು. ಬೋರ್ಡಿನ ಮೇಲೆ ನಾನು ಏನೂ ಬರೆಯಲಿಲ್ಲ. ತೊಟ್ಟು ಎಲ್ಲಿ ಕೂತಿದೆ ನೋಡಿ, ಒಂದು ಭುಜ ಮೇಲಿದೆಯಾ ಕೆಳಗಿದೆಯಾ ನೋಡಿ ಅಂದೆ, ಅಷ್ಟೇ. ಒಬ್ಬಳ ಹಾಳೆ ಮೇಲೆ ತೊಟ್ಟು ಮುರಿದು ಸೊನೆ ಬಿತ್ತು. ಅವಳು ಅಳಲಿಲ್ಲ. ಆ ಸೊನೆಯನ್ನೇ ಬೆರಳಲ್ಲಿ ಸವರಿ ಹಣ್ಣಿನ ಕೆಳಗೆ ನೆರಳು ಮಾಡಿದಳು. ಮರುದಿನಕ್ಕೆ ಅದು ಕಂದು ತಿರುಗಿ, ಪೆನ್ಸಿಲ್ಲಿನಲ್ಲಿ ಬರೆದದ್ದಕ್ಕಿಂತ ಚೆನ್ನಾಗಿ ಕಾಣಿಸುತ್ತಿತ್ತು.

ಅದಕ್ಕೇ ಹೇಳುತ್ತೇನೆ, ಬಿವಿಎಗೆ ಸೇರಿದ ಮೊದಲ ವರ್ಷದಿಂದಲೇ ಶನಿವಾರ ಬೆಳಿಗ್ಗೆ ಬಿಡುವಾದಾಗಲೆಲ್ಲ ನಿಮ್ಮೂರ ಶಾಲೆಗೆ ಹೋಗು. ಹೆಡ್‌ಮೇಷ್ಟ್ರ ಹತ್ತಿರ ಒಂದು ಪೀರಿಯಡ್ ಕೇಳು. ಪ್ರತಿಭಾ ಕಾರಂಜಿ ಹೊತ್ತಿಗೆ ಚಿತ್ರ, ಮಣ್ಣಿನ ಮಾದರಿ ಮಾಡಿಸಲು ಶಾಲೆಯವರೇ ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತಿರುತ್ತಾರೆ. ಕಾಲೇಜು ನಿನ್ನ ಕೈಯನ್ನು ತಯಾರು ಮಾಡುತ್ತದೆ. ಏಳು ವರ್ಷದ ಮಗು ಏನು ಬರೆಯುತ್ತದೆ, ಯಾಕೆ ಹಾಗೆ ಬರೆಯುತ್ತದೆ ಅನ್ನುವುದು ಮಕ್ಕಳ ಪಕ್ಕ ಕೂತರೆ ಮಾತ್ರ ತಿಳಿಯುತ್ತದೆ. ಚಿಕ್ಕವರು ಆಕಾಶವನ್ನು ಹಾಳೆಯ ಮೇಲ್ತುದಿಯಲ್ಲಿ ಒಂದು ನೀಲಿ ಪಟ್ಟಿಯಾಗಿ ಬರೆಯುತ್ತಾರೆ. ಗಬ್ಬದ ಹಸು ಬರೆದರೆ ಹೊಟ್ಟೆಯೊಳಗಿನ ಕರುವನ್ನೂ ಬರೆಯುತ್ತಾರೆ. ಅದು ತಪ್ಪಲ್ಲ, ಆ ವಯಸ್ಸೇ ಹಾಗೆ. ಲೋವೆನ್‌ಫೆಲ್ಡ್ ಅನ್ನುವವರು ಇಂಥ ಹಂತಗಳನ್ನು ಬಿಡಿಸಿ ಬರೆದಿದ್ದಾರೆ. ಕಾಲೇಜಿನ ಲೈಬ್ರರಿಯಲ್ಲಿ ಕೇಳು. ಗೊತ್ತಿಲ್ಲದ ಟೀಚರ್ ಕೆಂಪು ಪೆನ್ನಿನಲ್ಲಿ ಆ ಕರುವನ್ನು ಹೊಡೆದು ಹಾಕುತ್ತಾರೆ. ಅದನ್ನು ಕಣ್ಣಾರೆ ಕಂಡಿದ್ದೇನೆ, ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಟೇಕಲ್ ಹುಡುಗಿ:

ಮೇಡಂ, ಅಕ್ಕ, ಸಾರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಮಾವಿನಹಣ್ಣಿನ ವಿಷಯಕ್ಕೆ ಅಪ್ಪ ನಕ್ಕರು. 44,900 ಅನ್ನುವುದನ್ನು ಎರಡು ಸಲ ಓದಿಸಿಕೊಂಡರು.

ಇನ್ನೆರಡು ಅನುಮಾನ. ಬಿವಿಎ ಆದ ಮೇಲೆ ಬಿ.ಎಡ್. ಬೇಕಾ? ಮತ್ತೆ, ನನಗೆ ಮಣ್ಣು ಮುಟ್ಟಿ ಅಭ್ಯಾಸವೇ ಇಲ್ಲ, ಬರೀ ಪೆನ್ಸಿಲ್ಲು, ಪೋಸ್ಟರ್ ಕಲರ್ ಗೊತ್ತು. ಫೌಂಡೇಶನ್‌ನಲ್ಲಿ ಕಷ್ಟ ಆಗುತ್ತದಾ?

ಶಿವಾರಪಟ್ಟಣ:

ನಮ್ಮೂರು ನಿಮಗೆ ಗೊತ್ತಿರಲೇಬೇಕು, ನಿಮ್ಮ ತಾಲ್ಲೂಕೇ. ಮನೆ ಮನೆಯಲ್ಲಿ ಉಳಿ ಸದ್ದು ಕೇಳುವ ಊರು. ನಮ್ಮ ತಂದೆ ಕಲ್ಲಿನ ಕೆಲಸದವರು. ನಾನು ಶಿಲ್ಪದಲ್ಲಿ ಬಿವಿಎ ಮಾಡಿ ಈಗ ಒಂದು ಖಾಸಗಿ ಶಾಲೆಯಲ್ಲಿ ಕಲಾ ಶಿಕ್ಷಕ.

ಮಣ್ಣಿಗೆ ಹೆದರಬೇಡಿ ತಂಗಿ. ಕೆರೆ ಅಂಗಳದಿಂದ ಜೇಡಿಮಣ್ಣು ತಂದು, ಒಣಗಿಸಿ, ಕುಟ್ಟಿ, ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ಕೈಗೆ ಅಂಟದಷ್ಟು ಗಟ್ಟಿಯಾದ ಮೇಲೆ ಚೆನ್ನಾಗಿ ನಾದಿ. ಒಳಗೆ ಗಾಳಿ ಉಳಿದರೆ ಒಣಗುವಾಗ ಬಿರುಕು ಬಿಡುತ್ತದೆ. ಮೊದಲು ಒಂದು ಟೊಮೊಟೊ ಮಾಡಿ. ನಿಮ್ಮ ಮನೆಯಲ್ಲೇ ಇದೆ. ಅದರ ಮೈ ಪೂರಾ ಗುಂಡಗಿಲ್ಲ, ತೊಟ್ಟಿನ ಹತ್ತಿರ ಮಡಿಕೆ ಬಿದ್ದು ಒಳಗೆ ಇಳಿಯುತ್ತದೆ. ಕಾಗದದ ಮೇಲೆ ಅದನ್ನು ನೆರಳು ಕೊಟ್ಟು ತೋರಿಸುತ್ತೀರಿ. ಮಣ್ಣಿನಲ್ಲಿ ಹೆಬ್ಬೆರಳಿಗೇ ಸಿಗುತ್ತದೆ. ಆಮೇಲೆ ಪೆನ್ಸಿಲ್ ಹಿಡಿದು ನೋಡಿ, ನಿಮ್ಮ ಚಿತ್ರವೇ ಬೇರೆ ಥರ ಬರುತ್ತದೆ.

ಇನ್ನೊಂದು ವಿಷಯ. ಕಾಲೇಜಿನಲ್ಲಿ ಮನುಷ್ಯನ ಮೈಯನ್ನು ತಲೆಯ ಲೆಕ್ಕದಲ್ಲಿ ಅಳೆಯಲು ಹೇಳಿಕೊಡುತ್ತಾರೆ, ಸುಮಾರು ಏಳೂವರೆ ತಲೆ. ನಮ್ಮ ಮನೆಯಲ್ಲಿ ಅಪ್ಪ ತಾಳದ ಲೆಕ್ಕ ಹೇಳುತ್ತಿದ್ದರು. ಮುಖದ ಉದ್ದ ಒಂದು ತಾಳ, ದೇವರ ವಿಗ್ರಹಕ್ಕೆ ನವತಾಳ, ದಶತಾಳ ಅಂತ. ಮೊದಲ ವರ್ಷ ಎರಡೂ ತಲೆಯಲ್ಲಿ ಗೋಜಲಾಗಿ ಸುಮ್ನೆ ಒದ್ದಾಡಿದೆ. ಈಗ ನನ್ನ ಮಕ್ಕಳಿಗೆ ಎರಡನ್ನೂ ದಾರ ಹಿಡಿಸಿ ತೋರಿಸುತ್ತೇನೆ. ಕೋಲಾರದ ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋಗಿ ಕಂಬದ ಮೇಲಿನ ಗೊಂಬೆಗಳನ್ನು ಬರೆಸುತ್ತೇನೆ. ನೀವೂ ಒಂದು ದಿನ ಸ್ಕೆಚ್ ಪುಸ್ತಕ ಹಿಡಿದುಕೊಂಡು ಅಲ್ಲಿ ಕೂತುಕೊಳ್ಳಿ. ಬೆಳಿಗ್ಗೆ ಬೇಗ ಹೋದರೆ ಬೆಳಕು ಓರೆಯಾಗಿ ಬಿದ್ದು ಕೆತ್ತನೆ ಎದ್ದು ಕಾಣುತ್ತದೆ.

ನಮ್ಮೂರಿಗೆ ಅಪ್ಪ ಅಮ್ಮನ ಜೊತೆ ಯಾವಾಗ ಬೇಕಾದರೂ ಬನ್ನಿ. ಕೆಲಸ ನೋಡಲು ಬಂದವರನ್ನು ಯಾರೂ ಬೇಡ ಅನ್ನುವುದಿಲ್ಲ.

ಶ್ರೀನಿವಾಸಪುರದ ಡ್ರಾಯಿಂಗ್ ಟೀಚರ್:

ಟೊಮೊಟೊ ಮಾಡಿ ಅಂದಿರಲ್ಲ, ಬಹಳ ಒಳ್ಳೆಯ ಮಾತು.

ಬಿ.ಎಡ್. ವಿಷಯ. ನನಗೆ ಕೆಲಸ ಸಿಕ್ಕಿದ್ದು ಚಿತ್ರಕಲೆಯ ಡಿಗ್ರಿ ಮೇಲೆ. ಈಗ ಎಲ್ಲ ಕಡೆಯೂ ಶಿಕ್ಷಕರಿಗೆ ತರಬೇತಿ ಬೇಕು ಅನ್ನುವುದು ಬಲವಾಗುತ್ತಿದೆ. ಆದ್ದರಿಂದ ಅರ್ಜಿ ಹಾಕುವ ವರ್ಷದ ನೋಟಿಫಿಕೇಶನ್ ಏನು ಕೇಳುತ್ತದೋ ಅದೇ ಕೊನೆಯ ಮಾತು ಅಂತ ಇಟ್ಟುಕೋ. ಬಿ.ಎಡ್. ಮಾಡುವುದಾದರೆ ಫೀಸು ಕಟ್ಟುವ ಮೊದಲು ಆ ಕಾಲೇಜಿನ ಆಫೀಸಿಗೆ ಹೋಗಿ, ಬಿವಿಎ ಮೇಲೆ ತೆಗೆದುಕೊಳ್ಳುತ್ತೀರಾ, ಯಾವ ವಿಷಯ ಕಲಿಸುವ ಮೆಥಡ್ ಕೊಡುತ್ತೀರಾ, ಎರಡನ್ನೂ ಕೇಳು. ದೂರ ಹೋಗಲು ಮನೆಯಲ್ಲಿ ಒಪ್ಪುವುದಾದರೆ ದೆಹಲಿಯ ಜಾಮಿಯಾ ಮಿಲಿಯಾದಲ್ಲಿ ಕಲಾ ಶಿಕ್ಷಣ ಅಂತಲೇ ಡಿಗ್ರಿ ಇದೆ. ಈಗಲೇ ಅದರ ಚಿಂತೆ ಬೇಡ.

ಇಂಗ್ಲಿಷ್ ಸುಮಾರು ಅಂದಿದ್ದೆ. ದಿನಾ ಒಂದು ಚಿತ್ರ ಬರೆದು ಅದರ ಬಗ್ಗೆ ಐದು ಸಾಲು ಇಂಗ್ಲಿಷ್‌ನಲ್ಲಿ ಬರೆ. ಹಿಂದಿಯನ್ನೂ ಬಿಡಬೇಡ. ಬೆಂಗಳೂರಿಗೆ ಅರ್ಜಿ ಹಾಕಲು ಹೋದ ದಿನ ಕಸ್ತೂರಬಾ ರಸ್ತೆಗೂ ಹೋಗಿ ಬಾ. ವೆಂಕಟಪ್ಪನವರ ಹೆಸರಿನ ಗ್ಯಾಲರಿ ಅಲ್ಲಿದೆ. ಅವರು ಊಟಿಯನ್ನು ನೀರುಬಣ್ಣದಲ್ಲಿ ಬರೆದಿದ್ದಾರೆ. ಆ ಮಂಜಿನ ಮುಂದೆ ಸ್ವಲ್ಪ ಹೊತ್ತು ನಿಂತುಕೋ. ನಿನ್ನ ನೇರಳೆ ಬಂಡೆ ನೆನಪಾಗುತ್ತದೆ.

ನಿಮ್ಮ ಕಡೆ ರೇಷ್ಮೆ ಸಾಕುವ ಮನೆ ಇದ್ದರೆ, ಹುಳು ಗೂಡು ಕಟ್ಟಲು ಬಿಡುವ ಚಂದ್ರಿಕೆ ಒಂದನ್ನು ಇಟ್ಟುಕೊಂಡು ಬರೆದು ನೋಡು. ಆ ಬಿದಿರಿನ ಸುರುಳಿ ನೆಟ್ಟಗೆ ನಿಂತಾಗ ದುಂಡಗೆ ಕಾಣುತ್ತದೆ, ಗೋಡೆಗೆ ಒರಗಿಸಿದರೆ ಮೊಟ್ಟೆಯಾಕಾರ. ಪರ್ಸ್ಪೆಕ್ಟಿವ್ ಅಂತ ಕಾಲೇಜಿನಲ್ಲಿ ಹೇಳುವಾಗ ಇದು ನಿನಗೆ ಕೈಯಲ್ಲೇ ಗೊತ್ತಿರುತ್ತದೆ.

ಕೋಲಾರದ ಸಮಾಜ ಮೇಷ್ಟ್ರು:

ಮೇಡಂ ಬರೆದದ್ದು ಓದಿದೆ. ನೋಟಿಫಿಕೇಶನ್ನಿನ ಅರ್ಹತೆಯ ಸಾಲನ್ನು ಅಕ್ಷರ ಅಕ್ಷರ ಓದು ಅಂದದ್ದು ಎಲ್ಲ ವಿಷಯದವರಿಗೂ ಬೇಕಾದ ಮಾತು. ನಮ್ಮ ಶಾಲೆಯಲ್ಲೂ ಡ್ರಾಯಿಂಗ್ ಮೇಷ್ಟ್ರಿಲ್ಲ. ಆ ಪೀರಿಯಡ್ಡನ್ನು ಪಾಠ ಮುಗಿಸಲು ಎಷ್ಟೋ ಸಲ ನಾನೇ ತೆಗೆದುಕೊಂಡಿದ್ದೇನೆ. ಇನ್ನು ಮೇಲೆ ತೆಗೆದುಕೊಳ್ಳುವುದಿಲ್ಲ. ಮಗು, ನಿನಗೆ ಶನಿವಾರ ಕೋಲಾರಕ್ಕೆ ಬರಲು ಆಗುವುದಾದರೆ ನಮ್ಮ ಹೆಡ್‌ಮೇಷ್ಟ್ರ ಹತ್ತಿರ ನಾನು ಮಾತಾಡುತ್ತೇನೆ.

ಟೇಕಲ್ ಹುಡುಗಿ:

ಸಾರ್, ಖಂಡಿತ ಬರುತ್ತೇನೆ. ಅದಕ್ಕೂ ಮೊದಲು ನಮ್ಮೂರಲ್ಲೇ ಶುರು ಮಾಡಿದೆ.

ಅಪ್ಪ ಒಪ್ಪಿದರು. ಬೆಂಗಳೂರು, ಮೈಸೂರು ಎರಡೂ ಕಡೆ ಅರ್ಜಿ ಹಾಕುತ್ತೇವೆ. ಎಲ್ಲಿ ಸೀಟು ಮತ್ತೆ ಹಾಸ್ಟೆಲ್ ಸಿಗುತ್ತದೋ ಅಲ್ಲಿಗೆ. ಮಾವನಿಗೆ ಅಪ್ಪನೇ ಫೋನ್ ಮಾಡಿ ಹೇಳಿದರು.

ಮೊನ್ನೆ ಶನಿವಾರ ನಮ್ಮೂರ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಹೆಡ್‌ಮೇಡಂ ಎರಡನೇ ಕ್ಲಾಸು ಕೊಟ್ಟರು, ಹದಿನಾಲ್ಕು ಮಕ್ಕಳು. ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ನಿಮ್ಮ ಮನೆಯಲ್ಲಿ ಟೊಮೊಟೊ ಬಾಕ್ಸ್ ತುಂಬುವುದನ್ನು ಬರೆಯಿರಿ ಅಂದೆ. ಒಬ್ಬ ಹುಡುಗ ಬಾಕ್ಸಿನ ಹೊರಮೈಯನ್ನೂ ಬರೆದು, ಒಳಗಿರುವ ಹಣ್ಣುಗಳನ್ನೂ ಒಂದೊಂದಾಗಿ ಬರೆದಿದ್ದಾನೆ, ಬಾಕ್ಸ್ ಗಾಜಿನದೇನೋ ಅನ್ನುವ ಹಾಗೆ. ಎಣಿಸಿದೆ, ಐವತ್ತೆರಡು ಇವೆ. ಕೆಳಗಡೆ ಒಂದು ಮಾತ್ರ ಕಪ್ಪಗಿದೆ. ಇದ್ಯಾಕೋ ಅಂದರೆ, 'ಅದು ಕೊಳ್ತಿರೋದು ಅಕ್ಕ, ಅಮ್ಮ ನೋಡಿಲ್ಲ' ಅಂದ.

ಮೇಡಂ, ಆ ಚಿತ್ರ ಹೇಗೆ ಕಳಿಸಲಿ? ಸೋಮವಾರ ಅವನಿಗೆ ವಾಪಸ್ ಕೊಡಬೇಕು.